ಮರೆವಿಗೆ ಮೊದಲು ತಪಾಸಣೆ, ಆಮೇಲೆ ಬಾಟಲಿ
ಹುಬ್ಬಳ್ಳಿ-ಧಾರವಾಡದ ಆರೈಕೆದಾರರ ಹಕ್ಕೊತ್ತಾಯ ಪತ್ರ

ಜಿಲ್ಲಾಡಳಿತ, ಆಯುಷ್ ಇಲಾಖೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗ ಕೆಎಂಸಿಆರ್‌ಐ) ಹಾಗೂ ಧಾರವಾಡದ ವಿಶ್ವವಿದ್ಯಾಲಯಗಳಿಗೆ,

ಅರವತ್ತಕ್ಕೆ ಅರಳು ಮರಳು ಎಂದು ಮಂದಿ ನಕ್ಕು ಬಿಡುತ್ತಾರೆ. ಒಲೆ ಆರಿಸಲು ಮರೆಯುವ ತಾಯಿಯನ್ನು, ಮನೆ ದಾರಿ ತಪ್ಪುವ ಅಪ್ಪನನ್ನು ಕಾಯುವ ನಮಗೆ ನಗು ಬರುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ. ಇಂಥ ಮನೆಗಳಿಗೆ ಮರೆವಿನ ಮದ್ದೆಂದು ಗಿಡಮೂಲಿಕೆಯ ಬಾಟಲಿ ಮಾರುತ್ತಾರೆ. ಗಿಡಮೂಲಿಕೆಯ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟಿರುವುದು ಅದರ ಹೆಸರಿನಲ್ಲಿ ಆಸೆ ಮಾರುವುದರ ಮೇಲೆ.

1. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಗುಳಿಗೆ, ಇವುಗಳಿಂದಲೂ ಮರೆವು ಬರುತ್ತದೆ. ಬೇಗ ಗೊತ್ತಾದರೆ ಅನೇಕ ಸಲ ಸುಧಾರಿಸುತ್ತದೆ. ತಿಂಗಳುಗಟ್ಟಲೆ ಬ್ರಾಹ್ಮಿ ಕುಡಿಸುತ್ತ ಕೂತರೆ ಆ ಹೊತ್ತು ಕೈತಪ್ಪುತ್ತದೆ. ಆದ್ದರಿಂದ ಡಿಮ್ಹಾನ್ಸ್, ಕಿಮ್ಸ್‌ಗಳಲ್ಲಿ ನಿಗದಿತ ದಿನ ಮರೆವಿನ ತಪಾಸಣೆ ನಡೆಯಲಿ. ರಕ್ತಪರೀಕ್ಷೆ ಬಡವರಿಗೆ ಪುಕ್ಕಟೆಯಾಗಲಿ. ಕಲಘಟಗಿ, ಕುಂದಗೋಳ, ನವಲಗುಂದದ ವೈದ್ಯರು ಅಲ್ಲಿಗೆ ಚೀಟಿ ಬರೆದು ಕಳಿಸಲಿ.

2. ಬ್ರಾಹ್ಮಿ ಎಂದು ಮಾರುವ ಗಿಡ ಎರಡು: ನಾವು ಚಟ್ನಿ ಅರೆಯುವ ಒಂದೆಲಗ (ಸೆಂಟೆಲ್ಲಾ) ಮತ್ತು ನೀರುಬ್ರಾಹ್ಮಿ (ಬಕೋಪಾ). ಇವುಗಳೊಳಗಿನ ರಾಸಾಯನಿಕಗಳೇ ಬೇರೆ. ಯಾವ ಗಿಡ, ಎಷ್ಟು ಮಿಲಿಗ್ರಾಂ ಸಾರ ಎಂಬುದು ಡಬ್ಬಿಯ ಮೇಲೆ ಕನ್ನಡದಲ್ಲಿ ಇರಲೇಬೇಕು. ಎರಡೂ ಹಸಿಮಣ್ಣಿನ ಗಿಡಗಳು. ಗಟಾರ ನೀರು ಸೇರುವ ಹಳ್ಳದ ದಂಡೆಯಲ್ಲೂ ಸೊಂಪಾಗಿ ಬೆಳೆಯುತ್ತವೆ. ಅಲ್ಲಿನ ವಿಷಲೋಹಗಳನ್ನು ಹೀರಿಕೊಳ್ಳಬಲ್ಲವು. ಆದ್ದರಿಂದ ಸೀಸ, ಪಾದರಸದ ಪರೀಕ್ಷಾ ವರದಿಯನ್ನು ಆಯುಷ್ ಇಲಾಖೆ ಬಹಿರಂಗಪಡಿಸಲಿ.

3. ಮಿದುಳಿನ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಎಪ್ಪತ್ತು ವರ್ಷದ ಹಳೆಯ ಕಾಯ್ದೆ! ಹೊಸದೇನೂ ಬೇಡ, ಇದನ್ನೇ ಜಾರಿ ಮಾಡಿ.

4. ಸಂಶೋಧನೆ ಇಲ್ಲೇ ಆಗಲಿ. ನೀರುಬ್ರಾಹ್ಮಿಯ ಸಾರ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಅನೇಕವು ಆರೋಗ್ಯವಂತರ ಮೇಲೆ, ಸುಮಾರು 12 ವಾರ ನಡೆದವು. ನೆನಪು ತುಸು ಸುಧಾರಿಸಿದ್ದು ಕೆಲವೆಡೆ ಕಂಡಿದೆ. ಅಷ್ಟರಿಂದ ಅಲ್ಝೈಮರ್ಸ್ ತಡೆಯುತ್ತದೆ ಎನ್ನಲಾಗದು. ಅಮೆರಿಕದಲ್ಲಿ 75 ದಾಟಿದ 3,069 ಮಂದಿಗೆ ವರ್ಷಗಟ್ಟಲೆ ಗಿಂಕೊ ಎಂಬ ಮರದ ಎಲೆಯ ಸಾರ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. 2008ರ ಫಲಿತಾಂಶ: ಗಿಂಕೊದಿಂದ ಡಿಮೆನ್ಷಿಯಾ ತಗ್ಗಲಿಲ್ಲ. ಹಾಗೆಂದು ಗಿಡಗಳನ್ನು ತಳ್ಳಿಹಾಕಬೇಡಿ: ಸ್ನೋಡ್ರಾಪ್ ಹೂಗಿಡದ ಗಡ್ಡೆಯಲ್ಲಿ ಸಿಕ್ಕ ಗ್ಯಾಲಂಟಮೈನ್ ಇಂದು ಅಲ್ಝೈಮರ್ಸ್ ರೋಗಕ್ಕೆ ವೈದ್ಯರೇ ಬರೆಯುವ ಔಷಧ. ಅದೂ ಲಕ್ಷಣ ತಗ್ಗಿಸುತ್ತದೆಯೇ ಹೊರತು ರೋಗ ನಿಲ್ಲಿಸದು. ಕೃಷಿ ವಿಶ್ವವಿದ್ಯಾಲಯ ಗಿಡ ಬೆಳೆಸಲಿ, ಕರ್ನಾಟಕ ವಿಶ್ವವಿದ್ಯಾಲಯ ಸಾರ ಅಳೆಯಲಿ, ಡಿಮ್ಹಾನ್ಸ್ ರೋಗಿಗಳ ಮೇಲೆ ನೋಂದಾಯಿತ ಪರೀಕ್ಷೆ ನಡೆಸಲಿ. ಫಲ ಸೊನ್ನೆಯಾದರೂ ಪ್ರಕಟಿಸಲಿ. ರೋಗಿಯ ಮನೆಯವರಿಗೆ ಒಪ್ಪಿಗೆ ಪತ್ರವನ್ನು ನಮ್ಮ ಮಾತಿನಲ್ಲಿ ಓದಿ ಹೇಳಲಿ.

5. ಗುಳಿಗೆ ಜೊತೆ ಗಿಡಮೂಲಿಕೆ ಬೆರೆತರೂ ಅಪಾಯ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆ. ಕಂಪವಾತಕ್ಕೆ (ಪಾರ್ಕಿನ್ಸನ್ಸ್) ಅದೇ ಔಷಧದ ಗುಳಿಗೆ ನುಂಗುವವರು ಪುಡಿಯನ್ನೂ ಸೇರಿಸಿದರೆ ಡೋಸು ಮಿತಿ ಮೀರಬಹುದು. ರಕ್ತ ತೆಳುಮಾಡುವ ಗುಳಿಗೆ ಜೊತೆ ಗಿಂಕೊ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಲೋಪಥಿ, ಆಯುರ್ವೇದ ವೈದ್ಯರಿಬ್ಬರೂ ಒಂದೇ ಚೀಟಿ ನೋಡುವಂತಾಗಲಿ. ಇಬ್ಬರ ನಡುವಿನ ಮುನಿಸಿಗೆ ನಮ್ಮ ಹಿರಿಯರು ಬಲಿಯಾಗಬಾರದು.

6. ಆರೈಕೆದಾರರಿಗೆ ವಾರಕ್ಕೊಂದು ದಿನ ಬಿಡುವು ಸಿಗುವಂತೆ ಅವಳಿ ನಗರದಲ್ಲಿ ಹಗಲು ಆರೈಕೆ ಕೇಂದ್ರ ತೆರೆಯಿರಿ.

ಪ್ರತಿ ಬೇಡಿಕೆಗೂ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಆಗ್ರಹಿಸುತ್ತೇವೆ.