ಗೂಡು ಕೆಡವಿ ದಯೆಯ ಮಾತೇಕೆ?

ಮೊಟ್ಟೆಯೊಡೆದು ಮರಿ ಹೊರಬರುವ ಹೊತ್ತಿನಲ್ಲಿ ಮನುಷ್ಯನು ಮಾಡಬೇಕಾದುದೇನು? ನಮ್ಮ ಸಮಾಜದಲ್ಲಿ ಇದಕ್ಕೆ ಎರಡು ಉತ್ತರಗಳು ಕೇಳಿಬರುತ್ತವೆ. ‘ಅದರ ಕರ್ಮ ಅದಕ್ಕೆ, ನಮಗೇಕೆ?’ ಎಂಬುದು ಒಂದು. ‘ಪಾಪ, ಒದ್ದಾಡುತ್ತಿದೆ, ಚಿಪ್ಪು ಬಿಡಿಸಿಬಿಡೋಣ’ ಎಂಬುದು ಇನ್ನೊಂದು. ಮೊದಲನೆಯದು ಉದಾಸೀನ, ಎರಡನೆಯದು ಅವಸರ. ಇವೆರಡಕ್ಕೂ ಅಹಿಂಸೆಯೆಂಬ ಹೆಸರು ಸಲ್ಲದು.

ಮೊದಲು ಅವಸರದ ವಿಚಾರ. ಕೋಳಿಮರಿಗೆ ಮೊಟ್ಟೆಯಲ್ಲಿ ಸುಮಾರು 21 ದಿನಗಳ ವಾಸ. ಕೊನೆಯಲ್ಲಿ ಅದು ಒಳಪೊರೆಯನ್ನು ಸೀಳಿ, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯನ್ನು ಉಸಿರಾಡತೊಡಗುತ್ತದೆ. ಬಳಿಕ ಕೊಕ್ಕಿನ ತುದಿಯ ಗಡಸು ಮೊನೆಯಿಂದ ಚಿಪ್ಪಿನಲ್ಲಿ ಬಿರುಕು ಮೂಡಿಸಿ, ಹಲವು ಗಂಟೆಗಳ ಕಾಲ, ಕೆಲವೊಮ್ಮೆ ಹೆಚ್ಚುಕಡಿಮೆ ಒಂದು ದಿನ, ಸುಮ್ಮನಿರುತ್ತದೆ. ನೋಡುವವನಿಗೆ ಅದು ಸೋತು ಮಲಗಿದಂತೆ ಕಾಣುತ್ತದೆ. ಆದರೆ ಆ ಅವಧಿಯಲ್ಲಿಯೇ ಪೊರೆಯ ನಾಳಗಳ ರಕ್ತವು ಮರಿಯ ದೇಹಕ್ಕೆ ಹಿಂದಿರುಗುತ್ತದೆ. ಉಳಿದ ಹಳದಿ ಭಾಗವು ಹೊಟ್ಟೆಯೊಳಗೆ ಸೇರುತ್ತದೆ. ಆಗ ಚಿಪ್ಪು ಸುಲಿದರೆ ನಾಳಗಳು ಹರಿದು, ರಕ್ತ ಸೋರಿ, ಮರಿ ಸಾಯಬಹುದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟುದು ಸುಮ್ಮನೆಯೇ? ಒಳ್ಳೆಯ ಭಾವವಿದ್ದರೂ ವಿವೇಕವಿಲ್ಲದ ಕೈ ಪ್ರಮಾದದ ಕೈಯೇ. ನಿಜವಾಗಿ ಸಿಕ್ಕಿಕೊಂಡ ಮರಿಗೆ ಅನುಭವಿಗಳ ನೆರವು ಬೇಕಾದೀತು. ಅದು ಅಪವಾದ, ನಿಯಮವಲ್ಲ.

ಹಾಗಾದರೆ ನೆರವೆಂದರೇನು? ನಮ್ಮ ಮಂಡ್ಯ ಜಿಲ್ಲೆಯಲ್ಲೇ ಉತ್ತರವಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಭಾವಿಸುತ್ತಾರೆ. ಅಲ್ಲಿಯ ರೈತರು ಗೂಡುಗಳಿಗೆ ತೊಂದರೆ ಕೊಡದೆ ಕಾಪಾಡಿಕೊಂಡು ಬಂದರು. ಗೂಡಿರುವ ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟರು. ಆ ನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರಧನ ಬಂದುದು ತರುವಾಯದ ಮಾತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಹಕ್ಕಿತಾಣವನ್ನು ಹೊರಜಗತ್ತಿಗೆ ಪರಿಚಯಿಸಿದರು; 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ವ್ಯಾಪಾರಿಯ ಲೆಕ್ಕದಲ್ಲಿ ಹೇಳುವುದಾದರೆ, ಆ ರೈತರು ತಮ್ಮ ಖರ್ಚಿನ ಬಾಬಿನಲ್ಲಿ ದಯೆಯನ್ನು ಬರೆದರು. ನಾವು ಅದನ್ನು ಭಾಷಣದ ಬಾಬಿನಲ್ಲಿ ಬರೆಯುತ್ತೇವೆ.

ಇಲ್ಲಿ ಒಂದು ಆಕ್ಷೇಪವುಂಟು. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಅಲ್ಲಿಯ ‘ಹೆಜ್ಜಾರ್ಲೆ ಬಳಗ’ದವರು ಆವರಣದಲ್ಲಿಟ್ಟು ಮೀನು ಉಣಿಸಿ ಸಾಕಿದರು. ‘ಒಂದು ಜೀವಕ್ಕಾಗಿ ನೂರು ಮೀನು ಕೊಲ್ಲುವುದೇ? ಜೈನರಿಗೆ ಇದು ಸಲ್ಲದು’ ಎನ್ನುವವರಿದ್ದಾರೆ. ಆಕ್ಷೇಪ ಹಗುರವಾದುದಲ್ಲ, ಮೀನೂ ಪಂಚೇಂದ್ರಿಯ ಜೀವಿ. ಅಣುವ್ರತಿಯ ಕೈ ಆ ಬುಟ್ಟಿಯ ಮುಂದೆ ಹಿಂಜರಿದರೆ ತಪ್ಪೆನ್ನಲಾರೆ. ಆದರೆ ಈ ಸಂದಿಗ್ಧವು ಹುಟ್ಟುವುದು ಮರಿ ಬಿದ್ದ ಮೇಲೆ. ಮರ ನಿಂತಿದ್ದರೆ, ಕೊಂಬೆ ಗಟ್ಟಿಯಿದ್ದರೆ, ಕೆಳಗೆ ಬಲೆಯ ಆಸರೆಯಿದ್ದರೆ ಎಷ್ಟೋ ಮರಿಗಳನ್ನು ತಾಯಿತಂದೆಗಳೇ ಸಾಕುತ್ತವೆ. ಮೀನಿನ ನೆಪವೊಡ್ಡಿ ದೂರ ನಿಲ್ಲುವವರು ಮರ ನೆಡಲು, ಬಲೆ ಕಟ್ಟಿಸಲು ಹಣ ಕೊಡದಿರುವುದಕ್ಕೆ ಯಾವ ಶಾಸ್ತ್ರದ ಆಧಾರ ತೋರಿಸುತ್ತಾರೆ?

ಇನ್ನು ನಮ್ಮ ಬಸದಿಗಳ ಟ್ರಸ್ಟುಗಳು. ಉತ್ಸವ ಸಮೀಪಿಸಿತೆಂದು ಗೋಡೆಗೆ ಸುಣ್ಣ ಬಳಿಯುವಾಗ ಸೂರಿನ ಗೂಡುಗಳನ್ನು ಗುಡಿಸಿಹಾಕುವುದು, ಸಭಾಭವನಕ್ಕಾಗಿ ಅಂಗಳದ ಮರ ಉರುಳಿಸುವುದು ಎಲ್ಲಿ ನಡೆದರೂ ಅಧರ್ಮವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕೆಡಿಸುವುದನ್ನು ಬೇಟೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಸರಕಾರದ ಕಾಯಿದೆ ಕಂಡದ್ದು ಶ್ರಾವಕನಿಗೆ ಕಾಣದಿದ್ದರೆ ನಾಚಿಕೆಗೇಡು. ಕೆಲಸ ಹಿಡಿಯುವ ಮುನ್ನ ಸೂರನ್ನೂ ಮರವನ್ನೂ ಪರೀಕ್ಷಿಸಲಿ. ಮೊಟ್ಟೆಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಕಾಮಗಾರಿ ನಿಲ್ಲಲಿ. ಜೀವದಯಾ ನಿಧಿಯಲ್ಲಿ ಮರ ನೆಡುವುದಕ್ಕೊಂದು ಬಾಬು ತೆರೆಯಲಿ.

ಅದೇ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಬಾಹುಬಲಿಯ ಪ್ರಾಚೀನ ಮೂರ್ತಿಯಿದೆ. ಬಳ್ಳಿ ಮೈಮೇಲೆ ಹಬ್ಬಿದರೂ, ಹುತ್ತ ಕಾಲಬಳಿ ಬೆಳೆದರೂ ಕದಲದೆ ನಿಂತವನಿಗೆ ನಾವು ಕೈಮುಗಿಯುತ್ತೇವೆ. ಅಂಥವನಿಗೆ ಅಭಿಷೇಕ ಮಾಡುವವರು ಸೂರಿನ ಒಂದು ಗೂಡಿಗಾಗಿ ಮೂರು ವಾರ ಕಾಯಲಾರರೇ?