ನಾಲೆಯ ದಡದ ನಕಾಶೆ ಕಪಾಟು ಸೇರದಿರಲಿ

ಬೆಳಗಾವಿಯಿಂದ ಖಾನಾಪುರದತ್ತ ಹೊರಟರೆ ಮೊದಲು ಉದ್ಯಮಬಾಗ, ಅನಂತರ ಪೀರನವಾಡಿ, ಅದರಾಚೆ ಮಚ್ಛೆ. ಉದ್ಯಮಬಾಗದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯದಲ್ಲಿ ವಾಸ್ತುಶಿಲ್ಪದ ಶಿಕ್ಷಣವಿದೆ. ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಐದು ವರ್ಷಗಳ ವಾಸ್ತುಶಿಲ್ಪ ಪದವಿಯ ಕೊನೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಯೋಜನೆ ಸಿದ್ಧಪಡಿಸುತ್ತಾನೆ. ಹಾಳುಬಿದ್ದ ನದಿತೀರ, ಕೆರೆದಂಡೆಗಳ ಪುನರುಜ್ಜೀವನ ಇಂಥ ಯೋಜನೆಗಳಿಗೆ ಒಪ್ಪುವ ವಿಷಯ. ಆದರೆ ಪರೀಕ್ಷೆ ಮುಗಿದೊಡನೆ ನಕಾಶೆಗಳು ಕಪಾಟು ಸೇರುತ್ತವೆ. ಈ ಶ್ರಮ ವ್ಯರ್ಥವಾಗದಂತೆ ನೋಡಿಕೊಳ್ಳಲು ವರ್ತಕ-ಉದ್ಯಮಿಗಳಾದ ನಾವೇ ಮುಂದಾಗಬೇಕು.

ನಮ್ಮ ನಗರದೊಳಗೆ ದೊಡ್ಡ ನದಿಯಿಲ್ಲ. ಇರುವುದು ಬಳ್ಳಾರಿ ನಾಲೆ. ಯಳ್ಳೂರಿನ ಕಡೆಯಿಂದ ಬಂದು, ಶಹಾಪುರ-ವಡಗಾವಿಯ ಹೊಲಗಳ ನಡುವೆ ಹರಿದು, ಅದು ಮಾರ್ಕಂಡೇಯ ನದಿಯನ್ನು ಸೇರುತ್ತದೆ. ಈ ಭಾಗದ ಹೊಲಗಳು ಬೆಳಗಾವಿ ಬಾಸುಮತಿಗೆ ಹೆಸರಾದವು. ಅಂಥ ನಾಲೆಯಲ್ಲಿ ಹೂಳೂ ಕೊಳಚೆಯೂ ತುಂಬಿವೆ. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ನಾಲೆ ಉಕ್ಕಿ ಪೈರು ಮುಳುಗಿತು. ಪೈರು ಹೋದರೆ ರೈತನ ಉದ್ರಿ ನಮ್ಮ ಖಾತೆಪುಸ್ತಕದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ.

ಅಹಮದಾಬಾದಿನ ಸಾಬರಮತಿ ತೀರದ ಅಭಿವೃದ್ಧಿಯ ಕಲ್ಪನೆಯನ್ನು ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ 1960ರ ದಶಕದಲ್ಲಿಯೇ ಮುಂದಿಟ್ಟಿದ್ದರು. ಕಾಮಗಾರಿ ಆರಂಭವಾದದ್ದು 2005ರಲ್ಲಿ. ತೀರವೇನೋ ಅಂದವಾಯಿತು, ಆದರೆ ಸಾವಿರಾರು ಗುಡಿಸಲುವಾಸಿಗಳೂ ಭಾನುವಾರದ ಗುಜರಿ ಸಂತೆಯೂ ಬೇರೆಡೆಗೆ ಸರಿಯಬೇಕಾಯಿತು. ಒಂದು ಕಲ್ಪನೆ ದಶಕಗಳ ನಂತರವೂ ಫಲಿಸೀತು. ಆದರೆ ನಕಾಶೆಯ ಮೊದಲ ಗೆರೆಯಲ್ಲಿಯೇ ಸಣ್ಣ ವ್ಯಾಪಾರಿಗೆ ಸ್ಥಾನವಿಲ್ಲದಿದ್ದರೆ ಕೊನೆಗೂ ಇರುವುದಿಲ್ಲ. ನೆರೆಯ ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಡದಲ್ಲಿ ಸೈಕಲ್ ಪಥವುಳ್ಳ ಹಸಿರು ಮಾರ್ಗದ ಯೋಜನೆಯನ್ನು ಸ್ಮಾರ್ಟ್ ಸಿಟಿ ಸಂಸ್ಥೆ ಕೈಗೆತ್ತಿಕೊಂಡಿತು. ನಾಲೆಯೆಂದರೆ ಚರಂಡಿಯೇ ಎಂಬ ಭಾವನೆ ಅಲ್ಲಿ ಸಡಿಲಿದೆ.

ವಿದ್ಯಾರ್ಥಿಗಳ ನಕಾಶೆಗೆ ಬೆಲೆಯೇನು ಎಂದು ಕೆಲವರು ಕೇಳಬಹುದು. ಅದನ್ನೇ ಹಿಡಿದು ಕಟ್ಟಡ ಕಟ್ಟಲಾಗದು, ನಿಜ. ಅನುಭವಿ ಇಂಜಿನಿಯರರು ನೀರಿನ ಲೆಕ್ಕವನ್ನು ಪರಿಶೀಲಿಸಲೇಬೇಕು. ಆದರೆ ಆ ಲೆಕ್ಕಕ್ಕೆ ಬೇಕಾದ ಅಳತೆ, ನೆರೆಯ ಗುರುತು, ದಡದ ಉಪಯೋಗಗಳ ವಿವರಗಳನ್ನು ಸಂಗ್ರಹಿಸಲು ಉತ್ಸಾಹಿ ತರುಣರಿಗಿಂತ ಸಮರ್ಥರು ಯಾರು?

ನಾವು ಮಾಡಬೇಕಾದುದು ಇಷ್ಟು. ಸರ್ವೇಕ್ಷಣೆಯ ಖರ್ಚನ್ನು ವಹಿಸಿಕೊಳ್ಳೋಣ. ನಮ್ಮ ಕಾರ್ಖಾನೆಗಳ ನೀರು ಎಲ್ಲಿಗೆ ಹರಿಯುತ್ತದೆಂಬುದನ್ನು ಮುಚ್ಚಿಡದೆ ತೋರಿಸೋಣ. ಮೌಲ್ಯಮಾಪನದ ದಿನ ಒಬ್ಬ ವರ್ತಕ, ಒಬ್ಬ ನೇಕಾರ, ಒಬ್ಬ ರೈತ ಅಲ್ಲಿ ಕುಳಿತು ಪ್ರಶ್ನಿಸಲಿ. ಉತ್ತಮ ಯೋಜನೆಯನ್ನು ಅಂದಾಜು ವೆಚ್ಚದೊಂದಿಗೆ ಮಹಾನಗರ ಪಾಲಿಕೆಯ ಮುಂದಿಡೋಣ. ನಾಲೆಗೆ ಹೊಲಸು ಸೇರಿಸಿದವರಲ್ಲಿ ನಾವೂ ಇದ್ದೇವೆ. ಅದನ್ನು ತೊಳೆಯುವವರಲ್ಲಿಯೂ ನಾವಿರಬೇಕು.