ಬಣ್ಣ ಬಳಿದರೆ ಬಿರುಕು ಹೋಗದು

ಮಳೆಗಾಲ ಮುಗಿಯುತ್ತಿದ್ದಂತೆ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಮೇಸ್ತ್ರಿಯ ಸವಾರಿ ಬರುತ್ತದೆ. ನೆಲದ ಬಿರುಕಿಗೆ ಸಿಮೆಂಟು ಮೆತ್ತಿ, ಮೇಲೆ ಎಪಾಕ್ಸಿ ಬಣ್ಣ ಬಳಿದು, ಕಾರು ನಿಲ್ಲಿಸುವ ಹಳದಿ ಗೆರೆಗಳನ್ನು ಹೊಸದಾಗಿ ಎಳೆದರೆ ಮುಗಿಯಿತು. ಸಂಘದ ಲೆಕ್ಕದಲ್ಲಿ ಅದು ದುರಸ್ತಿ. ನಿಜಕ್ಕೆ ಅದು ಸಾಕ್ಷ್ಯನಾಶ. ಕಟ್ಟಡ ಅಂತರ್ಜಲಕ್ಕೆ ಮುಖಾಮುಖಿಯಾಗುವುದು ಬೇಸ್‌ಮೆಂಟಿನಲ್ಲಿ. ಕೆಳಗೆ ಏನು ನಡೆಯುತ್ತಿದೆ ಎಂಬ ಸುಳಿವು ಮೊದಲು ಸಿಗುವುದೂ ಅಲ್ಲಿನ ನೆಲದಲ್ಲೇ. ಆ ಬಿರುಕನ್ನು ಮುಚ್ಚುವ ಮೊದಲು ಒಂದು ಮಳೆಗಾಲವಾದರೂ ಗಮನವಿಟ್ಟು ನೋಡಬೇಕು.

ಕಾಂಕ್ರೀಟು ಬಿರುಕು ಬಿಡದೇ ಇರುತ್ತದೆಯೇ, ಇದಕ್ಕೆಲ್ಲ ಗಾಬರಿ ಏಕೆ ಎನ್ನುವವರಿದ್ದಾರೆ. ಮಾತು ಅರ್ಧ ಸರಿ. ಒಣಗುವಾಗ ಕಾಂಕ್ರೀಟು ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಬಹುಪಾಲು ಅಲ್ಲಿಗೇ ನಿಲ್ಲುತ್ತವೆ. ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456 ಕೂಡ ಬಿರುಕೇ ಕೂಡದು ಎನ್ನುವುದಿಲ್ಲ; ಸಾಮಾನ್ಯ ಭಾಗಗಳಿಗೆ 0.3 ಮಿಲಿಮೀಟರ್, ಮಣ್ಣು ಅಥವಾ ಅಂತರ್ಜಲಕ್ಕೆ ತಾಗಿದ ಭಾಗಗಳಿಗೆ 0.2 ಮಿಲಿಮೀಟರ್ ಅಗಲದ ಮಿತಿ ಹಾಕುತ್ತದೆ. ಆದರೆ ಅಗಲಕ್ಕಿಂತ ಮುಖ್ಯವಾದದ್ದು ಬಿರುಕು ಬೆಳೆಯುತ್ತಿದೆಯೇ ಎಂಬುದು. ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೆದರೆ ಸಾಕು, ಮೂರು ತಿಂಗಳಿಗೆ ಉತ್ತರ ಸಿಗುತ್ತದೆ. ಬಿರುಕಿನ ಒಂದು ಮಗ್ಗುಲು ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ಮಾತ್ರ ಕಾಯುವ ಮಾತೇ ಇಲ್ಲ. ಅಲ್ಲಿ ನೆಲ ಕುಸಿದಿದೆ ಇಲ್ಲವೇ ಉಬ್ಬಿದೆ. ಬಿರುಕಿನಂಚಿನ ಬಿಳಿ ಉಪ್ಪು ತಾನಾಗಿ ಅಪಾಯವಲ್ಲ. ನೀರು ಕಾಂಕ್ರೀಟಿನ ಒಳಗಿಂದ ಸುಣ್ಣ ಕರಗಿಸಿಕೊಂಡು ಬರುತ್ತಿದೆ ಎಂಬುದಕ್ಕೆ ಅದು ಗುರುತು. ಕಂದು ಕಲೆ ಕಂಡರೆ ನೀರು ಕಂಬಿಯನ್ನು ಮುಟ್ಟಿರುವ ಸಂಭವ ಹೆಚ್ಚು. ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೇ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಪಂಪ್ ಇದೆಯಲ್ಲ, ನೀರು ಬಂದರೆ ಎತ್ತಿ ಹಾಕುತ್ತದೆ ಎಂಬ ಸಮಾಧಾನ ಇನ್ನೂ ದೊಡ್ಡದು. ಲೆಕ್ಕ ಹಾಕಿ ನೋಡೋಣ. 30 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲ ಚದರ ಮೀಟರಿಗೆ ಸುಮಾರು 750 ಕಿಲೋ ತೂಗುತ್ತದೆ. ಅಂತರ್ಜಲ ಆ ನೆಲದ ತಳಕ್ಕಿಂತ ಒಂದು ಮೀಟರ್ ಮೇಲೇರಿದರೆ ಅದೇ ಚದರ ಮೀಟರನ್ನು 1000 ಕಿಲೋದಷ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಕಂಬಗಳ ಬುಡದಲ್ಲಿ ಇಡೀ ಕಟ್ಟಡದ ಭಾರ ಒತ್ತಿ ಹಿಡಿದಿರುತ್ತದೆ. ಎರಡು ಕಂಬಗಳ ನಡುವೆ ಆ ಹಿಡಿತವಿಲ್ಲ, ನೆಲ ಅಲ್ಲಿ ಉಬ್ಬಲು ನೋಡುತ್ತದೆ. ಕೆರೆಯ ಅಂಗಳದಲ್ಲಿ, ರಾಜಕಾಲುವೆಯ ಪಕ್ಕದಲ್ಲಿ ಎದ್ದ ಕಟ್ಟಡಗಳಿಗೆ ಇದು ಬರೀ ಕಾಗದದ ಲೆಕ್ಕವಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಸುತ್ತ ಬೇಸ್‌ಮೆಂಟುಗಳು ತುಂಬಿದ್ದನ್ನು ಊರೇ ನೋಡಿತು. ಮೇಲಿನ ನೀರು ಇಳಿದ ಮೇಲೂ ಕೆಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಪಂಪ್ ಎತ್ತುವ ನೀರು ತಿಳಿಯಾಗಿದ್ದರೆ ಒಂದು, ರಾಡಿಯಾಗಿದ್ದರೆ ಇನ್ನೊಂದು. ಒಂದು ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಬಿಡಿ. ತಳದಲ್ಲಿ ಮಣ್ಣು ಕೂತರೆ, ಆ ಮಣ್ಣು ನೆಲದಡಿಯಿಂದಲೇ ಬಂದಿರಬಹುದು. ಹಾಗಾದರೆ ಪಂಪ್ ನೀರಿನ ಜೊತೆ ನೆಲದ ಆಧಾರವನ್ನೂ ಎತ್ತಿ ಚರಂಡಿಗೆ ಹಾಕುತ್ತಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬರುವ ಜಾಗಗಳನ್ನು ಆಗ ಹುಡುಕಬೇಕು.

ಎಲ್ಲ ತೇವವೂ ಭೂಮಿಯಿಂದಲೇ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಟ್ಟರೆ, ಹನಿ ಹಾಳೆಯ ಕೆಳಗೆ ಕೂತಿದೆಯೋ ಮೇಲೋ ಎಂಬುದರಿಂದ ತೇವ ನೆಲದ್ದೋ ಗಾಳಿಯದ್ದೋ ಗೊತ್ತಾಗುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲೂ ಅದೇ ಜಾಗ ಜಿನುಗುತ್ತಿದ್ದರೆ ಸಂಪನ್ನೂ ಪೈಪನ್ನೂ ಅನುಮಾನಿಸುವುದು ಜಾಣತನ. ಹಲವು ಕಟ್ಟಡಗಳಲ್ಲಿ ಬೇಸ್‌ಮೆಂಟಿನ ನೆಲ ಬರೀ ಮಣ್ಣಿನ ಮೇಲೆ ಹಾಸಿದ ತೆಳು ಕಾಂಕ್ರೀಟು, ಭಾರ ಹೊರುವುದು ಕಂಬಗಳ ಅಡಿಪಾಯ. ಅಲ್ಲಿ ನೆಲದ ನಡುವಿನ ಬಿರುಕಿಗಿಂತ ಕಂಬದ ಬುಡವೇ ಮುಖ್ಯ. ನಿಮ್ಮದು ಯಾವ ಬಗೆ ಎಂದು ಹೇಳಬೇಕಾದದ್ದು ಕಟ್ಟಡದ ನಕ್ಷೆ. ಅದನ್ನು ಓದಲು ಸ್ಟ್ರಕ್ಚರಲ್ ಎಂಜಿನಿಯರ್ ಬೇಕು, ಬಣ್ಣದ ಕಂಟ್ರಾಕ್ಟರ್ ಅಲ್ಲ.

ಬಿರುಕಿನ ಸುದ್ದಿ ಹೊರಗೆ ಹೋದರೆ ಫ್ಲ್ಯಾಟಿನ ಬೆಲೆ ಬೀಳುತ್ತದೆ ಎಂಬ ಆತಂಕವನ್ನು ಯಾರೂ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮೇಸ್ತ್ರಿಯನ್ನು ಕರೆಸುವ ಅವಸರದ ಹಿಂದೆ ಅದೂ ಇರುತ್ತದೆ. ಮುಚ್ಚಿಟ್ಟವರಿಗೆ ಅದು ಇನ್ನೂ ದುಬಾರಿಯಾಗಬಹುದು. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆಯ ದೋಷ ಅಥವಾ ಕೆಲಸದ ದೋಷವನ್ನು ತೋರಿಸಿಕೊಟ್ಟರೆ ಬಿಲ್ಡರ್ 30 ದಿನಗಳಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ತಾರೀಖು ಹಾಕಿದ ಪೆನ್ಸಿಲ್ ಗೆರೆ, ಫೋಟೊ, ಎಂಜಿನಿಯರ್ ವರದಿ ಇದ್ದರೆ ವಾದಕ್ಕೆ ಬಲ ಬರುತ್ತದೆ. ಆ ಐದು ವರ್ಷಗಳಲ್ಲಿ ಎರಡು ಸಲ ಎಪಾಕ್ಸಿ ಬಳಿಸಿಕೊಂಡ ನೆಲದ ಮೇಲೆ, ಬಿರುಕು ಯಾವಾಗ ಹುಟ್ಟಿತೆಂದು ತೋರಿಸುವುದು ಕಷ್ಟ.